ಬೇಲೂರಿನ ಕೋವಿ: ಯಾವ ಚೋಕ್, ಯಾವ ತೋಟಾ, ಯಾರ ಮೇಲೆ?

ಮುಸುಕಿನ ಜೋಳ ಬಿತ್ತೋ ಹೊತ್ತಿಗೆ ಹಳೇಬೀಡು ಕಡೆಯ ನಮ್ಮಣ್ಣನ ಮಗ ಒಂದು ವಿಡಿಯೋ ಕಳಿಸಿದ. ಅಮೆರಿಕದ ಯಾವನೋ ಟರ್ಕಿ ಕೋಳಿ ಶಿಕಾರಿ ಮಾಡುತ್ತಾ, ತನ್ನ ಬಂದೂಕಿನ ತುದಿಗೆ ತಿರುಪಿ ಕೂರಿಸುವ ಚೋಕ್ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಬಿಗಿದಿದ್ದ. ಕೆಳಗೆ ಹುಡುಗನ ಪ್ರಶ್ನೆ: 'ಚಿಕ್ಕಪ್ಪ, ತಾತನ ಕೋವಿಗೂ ಇಂಥದ್ದು ಸಿಗುತ್ತಾ? ನವಿಲು ಬಿತ್ತಿದ ಬೀಜಾನೆಲ್ಲ ಕೆದಕಿ ತಿಂತಾವೆ.'

ಪ್ರಶ್ನೆ ತಮಾಷೆಯದ್ದಲ್ಲ. ಬೇಲೂರು ತಾಲ್ಲೂಕಿನ ಪಶ್ಚಿಮಕ್ಕೆ ಬಿಕ್ಕೋಡು, ಅರೇಹಳ್ಳಿ ಕಡೆ ಕಾಫಿ, ಮೆಣಸು, ಆನೆ. ಪೂರ್ವಕ್ಕೆ ಹಳೇಬೀಡಿನ ಬಯಲಲ್ಲಿ ಜೋಳ, ಆಲೂಗಡ್ಡೆ, ರಾಗಿ, ನವಿಲು, ಹಂದಿ. ಎರಡೂ ಕಡೆ ಹಳೇ ಮನೆಗಳ ಅಟ್ಟದಲ್ಲೋ ಬೀರುವಿನಲ್ಲೋ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಕೋವಿಗಳಿವೆ. ಆದರೆ ಆ ಕೋವಿ ಹೇಗೆ ಕೆಲಸ ಮಾಡುತ್ತೆ, ಅದರಿಂದ ಏನು ಮಾಡಬಹುದು, ಏನು ಮಾಡಬಾರದು ಅನ್ನೋದನ್ನ ಮನೆಯ ಹಿರಿಯರೂ ಸರಿಯಾಗಿ ಹೇಳಿಕೊಟ್ಟಿರಲ್ಲ. ಹುಡುಗನಿಗೆ ಬರೆದ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಲೋಹದ ಲೆಕ್ಕ. ನಮ್ಮಲ್ಲಿ ಹೆಚ್ಚಾಗಿರೋದು 12 ಬೋರ್ ಕೋವಿ. ನಳಿಗೆಯ ಒಳಅಳತೆಗೆ ಸರಿಹೊಂದುವ ಸೀಸದ ಉಂಡೆಗಳು ಒಂದು ಪೌಂಡಿಗೆ 12 ಬರುತ್ತವೆ ಅನ್ನೋದೇ ಆ ಸಂಖ್ಯೆಯ ಅರ್ಥ. ಮಿಲಿಮೀಟರಿನಲ್ಲಿ ಹೇಳಿದರೆ ಸುಮಾರು 18.5. ರೈಫಲಿನ ಹಾಗೆ ಒಳಗೆ ಗೀರುಗಳಿಲ್ಲ, ನಯವಾದ ಕೊಳವೆ. ಬಿಟ್ಟ ಈಡಿನಲ್ಲಿ ಒಂದು ಗುಂಡಲ್ಲ, ಚರೆಗಳ ಗುಂಪು ಹೊರಡುತ್ತೆ, ಮುಂದೆ ಹೋದಂತೆ ಹರಡುತ್ತೆ.

ಆ ಹರಡುವಿಕೆಯನ್ನು ಹಿಡಿತದಲ್ಲಿಡೋದೇ ಚೋಕ್. ನಳಿಗೆಯ ಕೊನೆಯ ಒಂದೆರಡು ಇಂಚು ಸ್ವಲ್ಪ ಕಿರಿದಾಗಿರುತ್ತೆ, ಅಷ್ಟೇ. 'ಫುಲ್ ಚೋಕ್' ಅಂದರೂ ಕಿರಿದಾಗೋದು ಸುಮಾರು ಒಂದೇ ಮಿಲಿಮೀಟರ್. 1870ರ ದಶಕದಲ್ಲಿ ಇಂಗ್ಲೆಂಡಿನ ಡಬ್ಲ್ಯು.ಡಬ್ಲ್ಯು. ಗ್ರೀನರ್ ಇದನ್ನು ಜನಪ್ರಿಯ ಮಾಡಿದ. ಅಳೆಯುವ ರೂಢಿ ಹೀಗಿದೆ: 40 ಗಜ, ಅಂದರೆ ಮೂವತ್ತಾರೂವರೆ ಮೀಟರ್ ದೂರದಲ್ಲಿ ಕಾಗದ ಕಟ್ಟಿ, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿದ್ದವು ಅಂತ ಎಣಿಸೋದು. ಚೋಕ್ ಇಲ್ಲದ ಸಿಲಿಂಡರ್ ನಳಿಗೆಯಲ್ಲಿ ನೂರಕ್ಕೆ 40ರ ಆಸುಪಾಸು, ಹಾಫ್ ಚೋಕಿನಲ್ಲಿ 60, ಫುಲ್ ಚೋಕಿನಲ್ಲಿ 70. ನಲವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ಆ ಒಂದು ಮಿಲಿಮೀಟರಿನ ಮೇಲೇ ಅಮೆರಿಕದ ವಿಡಿಯೋಗಳೆಲ್ಲ ನಿಂತಿರೋದು.

ನಮ್ಮ ಜೋಡುನಳಿಗೆ ಕೋವಿಗಳಲ್ಲಿ ತಿರುಪಿನ ಚೋಕ್ ಇರಲ್ಲ, ನಳಿಗೆ ಕೊರೆಯುವಾಗಲೇ ಮಾಡಿರುತ್ತಾರೆ. ಪಕ್ಕಪಕ್ಕದ ನಳಿಗೆಯ ಕೋವಿಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಮುಂದಿನ ಟ್ರಿಗರ್ ಒತ್ತಿದರೆ ಬಲದ್ದು ಹಾರುತ್ತೆ. ಯುರೋಪಿನಲ್ಲಿ ತಯಾರಾದ ಎಷ್ಟೋ ಕೋವಿಗಳ ನಳಿಗೆಯ ಕೆಳಗೆ ನಕ್ಷತ್ರದ ಗುರುತು ಕೆತ್ತಿರುತ್ತಾರೆ: ಒಂದು ನಕ್ಷತ್ರ ಅಂದರೆ ಫುಲ್, ನಕ್ಷತ್ರ ಹೆಚ್ಚಿದಷ್ಟೂ ಸಡಿಲ. ಇನ್ನು ಕೇಪಿನ ಕೋವಿಗೆ ಬಹುಪಾಲು ಚೋಕೇ ಇಲ್ಲ, ಹಾಗಾಗಿ ಆಯ್ಕೆಯ ಪ್ರಶ್ನೆಯೂ ಇಲ್ಲ.

ತೋಟಾ ವಿಷಯಕ್ಕೆ ಬರೋಣ. ಇಲ್ಲಿ ಸಿಗೋದು ಬಹಳ ಮಟ್ಟಿಗೆ ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್. ಡಬ್ಬಿ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ, 4, 6 ಅಂತೆಲ್ಲ ಇರುತ್ತೆ. ಇದು ಬ್ರಿಟಿಷರ ಕಾಲದ ಅಳತೆ. ಒಂದು ಔನ್ಸಿಗೆ ಎಲ್‌ಜಿ ಆದರೆ 6 ಗುಂಡು, ಎಸ್‌ಜಿ 8, ಬಿಬಿ 70, ನಂಬರ್ 4 ಆದರೆ 170, ನಂಬರ್ 6 ಆದರೆ 270. ಸಂಖ್ಯೆ ಏರಿದಂತೆ ಚರೆ ಸಣ್ಣದಾಗುತ್ತೆ. ಅಮೆರಿಕದ ಸಂಖ್ಯೆ ಬೇರೆ, ಅವರ ನಂಬರ್ 6 ನಮ್ಮ ನಂಬರ್ 5ರ ಗಾತ್ರಕ್ಕೆ ಹತ್ತಿರ. ವಿಡಿಯೋ ನೋಡಿ ತೋಟಾ ಕೇಳಿದರೆ ಮೊದಲ ಎಡವಟ್ಟು ಅಲ್ಲೇ ಶುರು.

ಟರ್ಕಿ ಶಿಕಾರಿಯವರು ಫುಲ್ ಚೋಕ್ ಅಥವಾ ಅದಕ್ಕಿಂತ ಬಿಗಿಯಾದ್ದನ್ನ, ಅವರ 4, 5, 6ನೇ ನಂಬರಿನ ಚರೆಯನ್ನ ಆಯ್ದುಕೊಳ್ಳುತ್ತಾರೆ. ಟರ್ಕಿಯ ಮೈ ತುಂಬ ದಪ್ಪ ಗರಿ, ಗಟ್ಟಿ ಮೂಳೆ. ಅವರ ಗುರಿ ತಲೆ ಮತ್ತು ಕತ್ತು. ಅಷ್ಟು ಸಣ್ಣ ಜಾಗಕ್ಕೆ ಹತ್ತಾರು ಚರೆ ಒಟ್ಟಿಗೆ ಬೀಳಬೇಕು, ಇಲ್ಲದಿದ್ದರೆ ಹಕ್ಕಿ ಗಾಯಗೊಂಡು ಪೊದೆ ಸೇರಿ ನರಳಿ ಸಾಯುತ್ತೆ. ಅದಕ್ಕೇ 40 ಗಜದಾಚೆ ಹೊಡೆಯಬೇಡಿ ಅನ್ನೋದು ಅಲ್ಲಿನ ಬಲ್ಲವರ ಮಾತು.

ನವಿಲೂ ಟರ್ಕಿಯೂ ಜೀವಶಾಸ್ತ್ರದಲ್ಲಿ ಒಂದೇ ಕುಟುಂಬದ ಹಕ್ಕಿಗಳು. ಸಂಬಂಧ ಅಲ್ಲಿಗೇ ಮುಗಿಯಿತು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬೇಟೆ ಅನ್ನೋ ಪದಕ್ಕೆ ಕಾಯ್ದೆಯ ಅರ್ಥವೂ ಅಗಲ: ಕೊಲ್ಲೋದಷ್ಟೇ ಅಲ್ಲ, ಗಾಯ ಮಾಡೋದು, ಉರುಳು ಹಾಕೋದು, ವಿಷ ಇಡೋದು, ಕೊಲ್ಲಲಿಕ್ಕಾಗಿ ಅಟ್ಟೋದು, ಇವುಗಳ ಪ್ರಯತ್ನ ಕೂಡ ಬೇಟೆಯೇ. 'ಕಾಲಿಗೆ ನಾಲ್ಕು ಚರೆ ಬೀಳಲಿ, ಬುದ್ಧಿ ಬರುತ್ತೆ' ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದೂ ಅಪರಾಧ. ಹೀಗಾಗಿ ನವಿಲಿಗೆ ಯಾವ ಚೋಕ್ ಅನ್ನೋದಕ್ಕೆ ಉತ್ತರ, ಯಾವುದೂ ಇಲ್ಲ.

ಹಾಗಾದ್ರೆ ಅಮೆರಿಕದಲ್ಲಿ ಹೇಗೆ ಬಿಟ್ಟರು? ಇಪ್ಪತ್ತನೇ ಶತಮಾನದ ಶುರುವಿನ ಹೊತ್ತಿಗೆ ಅಲ್ಲಿ ಟರ್ಕಿ ಅಳಿವಿನ ಅಂಚಿಗೆ ಬಂದಿತ್ತು. 1937ರಲ್ಲಿ ಬಂದೂಕು, ತೋಟಾಗಳ ಮೇಲಿನ ತೆರಿಗೆ ಹಣವನ್ನು ವನ್ಯಜೀವಿಗಳಿಗೇ ಮೀಸಲಿಡುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಹಕ್ಕಿಗಳನ್ನು ಹಿಡಿದು ಹೊಸ ಕಾಡುಗಳಿಗೆ ಬಿಟ್ಟರು, ಈಗ ಲಕ್ಷಗಟ್ಟಲೆ ಇವೆ. ಬೇಟೆಗೆ ಋತು ಉಂಟು, ತಲೆಗಿಷ್ಟು ಅನ್ನೋ ಲೆಕ್ಕ ಉಂಟು. ಅದನ್ನೇ ಇಲ್ಲಿಗೆ ತನ್ನಿ ಅಂತ ನಾನು ಹೇಳಲ್ಲ. ನಮ್ಮಲ್ಲಿ ಹೆಕ್ಟೇರಿಗೆ ಎಷ್ಟು ಜನ, ಅಲ್ಲಿ ಎಷ್ಟು?

ಹಂದಿ ವಿಷಯ ಬೇರೆ. 2022ರ ತಿದ್ದುಪಡಿಯ ನಂತರ ಅದು ಎರಡನೇ ಪರಿಶಿಷ್ಟದಲ್ಲಿದೆ. ಸೆಕ್ಷನ್ 11ರ ಪ್ರಕಾರ, ಜೀವಕ್ಕೋ ನಿಂತ ಬೆಳೆಗೋ ಅಪಾಯ ಅಂತ ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಹೊಡೆದ ಹಂದಿ ಸರ್ಕಾರದ ಸ್ವತ್ತು, ಸಾರಿಗೆ ಹಾಕುವಂತಿಲ್ಲ. ಕೇರಳ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿತು. ಅದು ಸರಿಯೋ ತಪ್ಪೋ, ಅಲ್ಲಿ ಕನಿಷ್ಠ ಚರ್ಚೆಯಾದರೂ ಬಹಿರಂಗವಾಗಿ ಆಯ್ತು. ನಮ್ಮಲ್ಲಿ ನಡೆಯೋದು ರಾತ್ರಿ. ಪರವಾನಗಿ ಇಲ್ಲದ ನಾಡಕೋವಿ, ತಲೆಗೆ ಕಟ್ಟಿದ ಟಾರ್ಚು, ಪೊದೆ ಅಲುಗಾಡಿದ ಕಡೆಗೆ ಈಡು. ಹಂದಿ ಅಂದುಕೊಂಡು ಜೊತೆಗಿದ್ದವನನ್ನೇ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆ ಓದುವವರಿಗೆ ಹೊಸದಲ್ಲ.

ಆನೆಗೆ ಚರೆ ಅನ್ನೋದು ಶುದ್ಧ ಮೂರ್ಖತನ. 12 ಬೋರಿನ ಯಾವ ಚರೆಯೂ ಅದನ್ನು ಕೊಲ್ಲಲ್ಲ. ಚರ್ಮದಡಿ ಕೂತು ಕೀವಾಗುತ್ತೆ, ನೋವಿನಲ್ಲಿ ಅದು ಇನ್ನಷ್ಟು ಕೆರಳುತ್ತೆ. ಕೆರಳಿದ ಆನೆಗೆ ಮರುದಿನ ಬೆಳಗ್ಗೆ ಎದುರಾಗೋದು ಕೋವಿ ಹಿಡಿದ ಸಾಹುಕಾರರಲ್ಲ, ಲೈನ್ ಮನೆಯಿಂದ ಕಾಫಿ ಕೊಯ್ಯೋಕೆ ಹೊರಟ ಕೂಲಿಯವರು.

ಇಲ್ಲಿಂದ ಕಾನೂನಿನ ವಿಚಿತ್ರ ಶುರುವಾಗುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ಬೆಳೆ ರಕ್ಷಣೆಗೆ ಕೊಡಿ ಅನ್ನೋದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನ. ಅದು ಸಾಲದು ಅನ್ನಿಸಿದರೆ ಮಾತ್ರ ಬೇರೆ ನಯನಳಿಗೆ ಕೋವಿ. ಅಂದರೆ ಒಂದು ಕಾಯ್ದೆ ಬೆಳೆ ಕಾಯೋಕೆ ಕೋವಿ ಕೊಡುತ್ತೆ, ಇನ್ನೊಂದು ಕಾಯ್ದೆ ಆ ಬೆಳೆ ತಿನ್ನುವ ಪ್ರಾಣಿಗೆ ಗುರಿ ಇಡಬೇಡ ಅನ್ನುತ್ತೆ. ಎರಡನ್ನೂ ಒಟ್ಟಿಗೆ ಓದಿದರೆ ಉಳಿಯೋದು ಸದ್ದು. ಬೆದರಿಸಿ ಓಡಿಸೋಕೆ ಮೇಲಕ್ಕೆ ಹಾರಿಸೋದು, ಅಷ್ಟೇ.

ಸದ್ದಿಗೆ ಚೋಕಿನ ಹಂಗಿಲ್ಲ. ಆದರೆ ತೋಟಾ ಆಯ್ಕೆ ನಿಜವಾಗಿ ಮುಖ್ಯ ಆಗೋದು ಇಲ್ಲೇ, ಮೇಲೆ ಹೋದ ಚರೆ ಎಲ್ಲೋ ಬೀಳಲೇಬೇಕಲ್ಲ. ಗುಂಡಿನ ವ್ಯಾಸ ಇಂಚಿನಲ್ಲಿ ಎಷ್ಟೋ ಅದನ್ನು 2200ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತೆ ಅನ್ನೋ ಹಳೇ ಸೂತ್ರವಿದೆ, ಫ್ರಾನ್ಸಿನ ಜೂರ್ನೆಯದು. ಅದರ ಪ್ರಕಾರ ನಂಬರ್ 6 ಚರೆ ಸುಮಾರು 200 ಮೀಟರ್ ಹೋಗುತ್ತೆ. ಎಸ್‌ಜಿ 650 ಮೀಟರ್ ದಾಟುತ್ತೆ, ಎಲ್‌ಜಿ 700 ಮೀಟರ್. ನಿಮ್ಮ ತೋಟದ ಬೇಲಿಯಿಂದ 700 ಮೀಟರಿನೊಳಗೆ ಏನೇನಿದೆ ಅಂತ ನೋಡಿಕೊಳ್ಳಿ: ಲೈನ್ ಮನೆ, ಅಂಗನವಾಡಿ, ರಸ್ತೆ, ಪಕ್ಕದವರ ಕಣ. ನಮ್ಮಪ್ಪ ವರ್ಷಗಟ್ಟಲೆ ಎಲ್‌ಜಿಯನ್ನೇ ತರುತ್ತಿದ್ದರು, 'ದೊಡ್ಡದಿದ್ರೆ ಧೈರ್ಯ' ಅಂತ. ಈ ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದರು, ಒಪ್ಪಿದರು ಅಂತ ಹೇಳಲಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಬೆಳೆ ಕಾಯುವವನ ಕೈಗೆ ಸಣ್ಣ ಚರೆ ಸಾಕು, ಸಡಿಲ ನಳಿಗೆ ಸಾಕು, ಪಟಾಕಿ ಸಾಕಾದರೆ ಕೋವಿಯೇ ಬೇಡ.

ಹಳೇ ಕೋವಿ ಇರುವವರು ಇನ್ನೊಂದು ವಿಷಯ ನೋಡಲೇಬೇಕು. ಎಷ್ಟೋ ಹಳೇ ಇಂಗ್ಲಿಷ್ ಕೋವಿಗಳ ತೋಟಾ ಕೂರುವ ಜಾಗ 65 ಮಿಲಿಮೀಟರ್. ಈಗಿನ ತೋಟಾ 70. ಮಡಿಚಿದ ಬಾಯಿ ಇರೋದರಿಂದ 70ರದ್ದೂ ಸಲೀಸಾಗಿ ಒಳಗೆ ಕೂರುತ್ತೆ, ಮೋಸ ಆಗೋದೇ ಅಲ್ಲಿ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ, ನಳಿಗೆ ಸೀಳಬಹುದು. ಹಾಗೆಯೇ ಬಿಗಿ ಚೋಕಿನ ಹಳೇ ನಳಿಗೆಗೆ ಉಕ್ಕಿನ ಚರೆ ಹಾಕಬಾರದು. ಚೋಕಿಗಿಂತ ದೊಡ್ಡ ಒಂಟಿ ಗುಂಡನ್ನಂತೂ ಹಾಕಲೇಬಾರದು. ಕೇಪಿನ ಕೋವಿಯಲ್ಲಿ ತುಂಬಿಟ್ಟಿದ್ದು ಮರೆತು ಮತ್ತೆ ತುಂಬೋದು ಹಳೇ ಅಪಾಯ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಒಮ್ಮೆ ಅಳತೆ ಹಿಡಿಸಿ.

ಸೀಸದ ಮಾತು ನಮ್ಮಲ್ಲಿ ಇನ್ನೂ ಶುರುವೇ ಆಗಿಲ್ಲ. ಕೆರೆಯಂಗಳದಲ್ಲಿ ಬಿದ್ದ ಚರೆಯನ್ನು ಬಾತುಗಳು ಕಲ್ಲುಹರಳು ಅಂದುಕೊಂಡು ನುಂಗಿ ವಿಷವೇರಿ ಸಾಯುತ್ತವೆ. ಅಮೆರಿಕ 1991ರಲ್ಲೇ ನೀರುಹಕ್ಕಿ ಬೇಟೆಗೆ ಸೀಸ ನಿಷೇಧಿಸಿತು, ಯುರೋಪಿಯನ್ ಒಕ್ಕೂಟ 2023ರಿಂದ ಜೌಗುಪ್ರದೇಶಗಳಲ್ಲಿ ನಿಲ್ಲಿಸಿತು. ಯಗಚಿ ಹಿನ್ನೀರು, ದ್ವಾರಸಮುದ್ರದ ಕೆರೆ ಇರುವ ಊರು ನಮ್ಮದು.

ಇನ್ನು ಕೋವಿ ಯಾರಿಗೆ ಅನ್ನೋ ಪ್ರಶ್ನೆ. 1931ರ ಕರಾಚಿ ನಿರ್ಣಯದಲ್ಲಿ ಕಾಂಗ್ರೆಸ್, ನಿಯಮಕ್ಕೊಳಪಟ್ಟು ಆಯುಧ ಇಟ್ಟುಕೊಳ್ಳೋದು ಪ್ರಜೆಯ ಹಕ್ಕು ಅಂದಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನೇ ಮೂಲಭೂತ ಹಕ್ಕಾಗಿ ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ವಿರೋಧಿಸಿದರು, ಅದು ಬಿದ್ದುಹೋಯಿತು. ಅಂಬೇಡ್ಕರ್ ಕಡೆಗೇ ನಾನೂ ನಿಲ್ಲುತ್ತೇನೆ. ಆದರೆ ಹಕ್ಕಲ್ಲದ್ದು ಸವಲತ್ತಾದಾಗ ಯಾರ ಪಾಲಾಗುತ್ತೆ ನೋಡಿ. ಬೆಳೆ ರಕ್ಷಣೆಯ ಲೈಸೆನ್ಸ್‌ಗೆ ಪಹಣಿ ಬೇಕು. ಪಹಣಿ ಇರೋನ ಗೋಡೆಯಲ್ಲಿ ಕೋವಿ, ಪಹಣಿ ಇಲ್ಲದವನ ದಾರಿಯಲ್ಲಿ ಆನೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದಕ್ಕೆ ಅದರದೇ ಇತಿಹಾಸವಿದೆ, ಆದರೂ ಗಡಿಯ ಈಚೆಗಿನವನು 'ನಮ್ಮ ಹಂದಿ ಬೇರೆ ಜಾತಿಯದಾ?' ಅಂತ ಕೇಳಿದರೆ ಉತ್ತರ ಸುಲಭವಲ್ಲ.

ಚುನಾವಣೆ ಬಂದಾಗ ಇದೇ ಕೋವಿ ಠಾಣೆ ಸೇರಬೇಕು. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಹಾಸನದ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಹಲಸು ಹಣ್ಣಾಗಿ ಆನೆ ತೋಟಕ್ಕಿಳಿಯೋ ಕಾಲವೂ ಅದೇ. ಪ್ರತಿಯೊಬ್ಬರ ಹಿನ್ನೆಲೆ ನೋಡಿ ಯಾರದನ್ನು ಜಮಾ ಮಾಡಿಸಬೇಕು ಅಂತ ತೀರ್ಮಾನಿಸೋಕೆ ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರಬೇಕು ಅನ್ನೋದು ಚುನಾವಣಾ ಆಯೋಗದ್ದೇ ಸೂಚನೆ. ಹಾಗಾಗಿ ಎಲ್ಲರೂ ತಂದಿಡಿ ಅಂತ ಸಾರಾಸಗಟಾಗಿ ಹೇಳಿದರೆ ಲಿಖಿತ ಆದೇಶ ಕೇಳಿ, ವಿನಾಯಿತಿಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ. ಇಟ್ಟು ಬರುವಾಗ ಕೋವಿಯ ನಂಬರ್ ಇರುವ ರಸೀದಿ ಮರೆಯಬೇಡಿ. ನಮ್ಮದನ್ನು ಒಮ್ಮೆ ವಾಪಸ್ ತಂದಾಗ ನಳಿಗೆಯೊಳಗೆ ತುಕ್ಕು ಹಿಡಿದಿತ್ತು, ಎಣ್ಣೆ ಹಚ್ಚಿ ಕೊಡಬೇಕು ಅನ್ನೋದು ಆಮೇಲೆ ಹೊಳೆಯಿತು.

ಹುಡುಗನಿಗೆ ಇಷ್ಟನ್ನೂ ಬರೆದೆ. ನವಿಲಿಗೆ ಏನು ಮಾಡೋದು ಅನ್ನೋದು ಉಳಿದಿತ್ತು. ಮೊಳಕೆ ಮೇಲೆದ್ದು ಬೇರು ಬಿಡೋವರೆಗಿನ ದಿನಗಳೇ ಅವಕ್ಕೆ ಹಬ್ಬ. ಅಷ್ಟು ದಿನ ಬೆಳಗ್ಗೆ ಸಂಜೆ ಹೊಲದಲ್ಲಿ ಯಾರಾದರೂ ನಿಲ್ಲಬೇಕು, ಹೊಳೆಯುವ ರಿಬ್ಬನ್ ಕಟ್ಟಬಹುದು. ನಷ್ಟವಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಹಾಕು ಅಂದೆ. ಅವನು ಮರುಪ್ರಶ್ನೆ ಹಾಕಿದ: 'ನಿಲ್ಲೋ ಆಳಿಗೆ ದಿನಕ್ಕೆ ಎಷ್ಟು ಕೊಡಬೇಕು ಗೊತ್ತಾ ಚಿಕ್ಕಪ್ಪ?' ಆ ಮೆಸೇಜಿಗೆ ಇನ್ನೂ ಉತ್ತರ ಬರೆದಿಲ್ಲ.