ಅಪ್ಪನ ಮಾರುತಿ 800 ಯಾಕೆ ‘ಟಕ್’ ಅನ್ನುತ್ತೆ? ಒಂದು ಸದ್ದಿನ ಹಿಂದಿನ ಇನ್ನೂರು ವರ್ಷ

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ನಿಮಗೊಂದು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಇದ್ದರೆ ಹಾಕ್ಕೊಳ್ಳಿ.

(ಧ್ವನಿ: ಚಲಿಸುತ್ತಿರುವ ಕಾರಿನ ಒಳಗಿನಿಂದ. ಬ್ರೇಕ್ ಒತ್ತಿದಾಗ ‘ಟಕ್’. ಮತ್ತೆ ಹೊರಟಾಗ ಇನ್ನೊಂದು ‘ಟಕ್’.)

ಕೇಳಿಸ್ತಾ? ಇದು ನಮ್ಮಪ್ಪನ ಮಾರುತಿ 800. 2002ರ ಮಾಡೆಲ್, ಅಂದ್ರೆ ಇಪ್ಪತ್ತು ವರ್ಷ ದಾಟಿದ ಗಾಡಿ. ತಿಪಟೂರಲ್ಲಿ ಅಪ್ಪ ಕೊಬ್ಬರಿ ವ್ಯಾಪಾರ ಮಾಡ್ತಿದ್ದ ಕಾಲದಲ್ಲಿ ತಗೊಂಡಿದ್ದು. 2017ರಲ್ಲಿ 15 ವರ್ಷ ತುಂಬಿದಾಗ ಆರ್‌ಟಿಓದಲ್ಲಿ ರಿನ್ಯೂವಲ್ ಆಯ್ತು, 2022ರಲ್ಲಿ ಇನ್ನೊಂದು ಸಲ ಆಯ್ತು. ಮುಂದಿನದು 2027ಕ್ಕೆ. ಅಪ್ಪನಿಗೆ ಈಗ 66. ಬೇರೆ ಕಾರು ಓಡಿಸೋಕೆ ಅವರಿಗೆ ಧೈರ್ಯ ಬರಲ್ಲ, ಈ ಕಾರಾದರೆ ಕಣ್ಣು ಮುಚ್ಚಿ ಓಡಿಸ್ತಾರೆ. ಈ ಗಾಡಿ ಹೋದರೆ ಅಪ್ಪ ಮನೆಯಿಂದ ಹೊರಗೆ ಹೋಗೋದೇ ನಿಲ್ಲುತ್ತೆ ಅನ್ನೋದು ಮನೇಲಿ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಹೇಳಲ್ಲ.

ಮೂರು ತಿಂಗಳು ಗಾಡಿ ನನ್ನ ಹತ್ರ ಬೆಂಗಳೂರಲ್ಲಿತ್ತು. ಸದ್ದು ಶುರುವಾಗಿದ್ದು ಆಗಲೇ. ನಾನೇನು ಮಾಡಿದೆ ಹೇಳಿ? ಸ್ಟೀರಿಯೋ ಸೌಂಡ್ ಜಾಸ್ತಿ ಮಾಡಿದೆ. ಆಮೇಲೆ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಒಂದು ರೌಂಡ್ ಓಡಿಸಿ, ‘ಮುಂದಿನ ಶಾಕಪ್ ಹೋಗಿದೆ’ ಅಂತ ಎರಡೂ ಬದಲಿಸಿದರು. 6,800 ರೂಪಾಯಿ. ಗೇಟು ದಾಟಿ ಮೊದಲ ಹಂಪ್ ಹತ್ರ ಬ್ರೇಕ್ ಹಿಡಿದೆ: ಟಕ್. ವಾಪಸ್ ಹೋದರೆ, ‘ಹಳೇ ಗಾಡಿ ಅಲ್ವಾ ಸಾರ್, ಪೂರ್ತಿ ಸಸ್ಪೆನ್ಷನ್ ಬದಲಿಸಬೇಕು’ ಅಂತ 16,000ದ ಎಸ್ಟಿಮೇಟ್ ಕೊಟ್ಟರು.

ನಾನು ಬಿ.ಕಾಂ. ಓದಿದವನು. ಎರಡು ಲಕ್ಷಕ್ಕೆ ಕೊಂಡ ಗಾಡಿಗೆ ವರ್ಷಕ್ಕೆ 15% ಡಿಪ್ರಿಸಿಯೇಷನ್ ಅಂತ ಹಿಡಿದರೆ, 22 ವರ್ಷ ಆದ ಮೇಲೆ ಪುಸ್ತಕದಲ್ಲಿ ಉಳಿಯೋ ಬೆಲೆ ಸುಮಾರು 5,600. ಅದಕ್ಕೆ 16,000ದ ರಿಪೇರಿ! ಲೆಕ್ಕದ ಪ್ರಕಾರ ಗುಜರಿಗೆ ಹಾಕೋದೇ ಸರಿ. ಆದ್ರೂ ಹಾಕೋಕೆ ಮುಂಚೆ ಒಂದು ಸಲ ನಮ್ಮೂರ ಮೇಸ್ತ್ರಿಗೆ ತೋರಿಸೋಣ ಅಂತ ತಿಪಟೂರಿಗೆ ತಗೊಂಡು ಹೋದೆ.

ಮೇಸ್ತ್ರಿ ಬಾನೆಟ್ ಕೂಡ ತೆಗೀಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಯಾವಾಗ ಬರ್ತದಪ್ಪ ಸದ್ದು? ಗುಂಡಿಗೆ ಬಿದ್ದಾಗ್ಲೋ, ಬ್ರೇಕ್ ಹಿಡ್ದಾಗ್ಲೋ?”

“ಬ್ರೇಕ್ ಹಿಡಿದಾಗ. ಆಮೇಲೆ ಹೊರಡುವಾಗ.”

“ಹಂಗಾದ್ರೆ ಶಾಕಪ್ ಯಾಕಪ್ಪ ಬದ್ಲಾಯ್ಸಿದೆ?”

ಈ ಒಂದು ಪ್ರಶ್ನೆಗೆ ಅಷ್ಟೊಂದು ಶಕ್ತಿ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ.

ಸದ್ದೇ ಕೆಲಸ ಮಾಡ್ತಿದ್ದ ಕಾಲ

ಕಾರಿಗಿಂತ ಮುಂಚೆ ಕುದುರೆ ಗಾಡಿ. 1804ರಲ್ಲಿ ಲಂಡನ್ನಿನ ಸಾರೋಟು ತಯಾರಕ ಒಬಡಾಯ ಎಲಿಯಟ್ ಒಂದು ಪೇಟೆಂಟ್ ಪಡೆದ. ಬಿಲ್ಲಿನ ಹಾಗೆ ಬಾಗಿಸಿದ ಲೋಹದ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿ, ಅಂಥ ಎರಡು ಬಿಲ್ಲುಗಳನ್ನ ಎದುರುಬದುರು ಸೇರಿಸಿದ ಸ್ಪ್ರಿಂಗ್ ಅದು. ನಮ್ಮ ಲಾರಿಗಳ ಕೆಳಗೆ ಇವತ್ತಿಗೂ ನೋಡ್ತೀವಲ್ಲ, ಪ್ಲೇಟು, ಅದರ ಅಜ್ಜ.

ಈ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕಿರಗುಟ್ಟುತ್ತವೆ. ಆದರೆ ಆ ಉಜ್ಜಾಟ ಬರೀ ಕಿರಿಕಿರಿ ಅಲ್ಲ. ಗಾಡಿ ಗುಂಡಿಗೆ ಬಿದ್ದ ಮೇಲೆ ಕುಣೀತಾನೇ ಇರದ ಹಾಗೆ ತಡೀತಿದ್ದದ್ದು ಅದೇ. ಅಂದರೆ ಶಾಕಪ್ ಮಾಡೋ ಕೆಲಸದ ಒಂದು ಭಾಗವನ್ನ ಉಜ್ಜಾಟ ಮಾಡ್ತಿತ್ತು. ಸದ್ದು ಅದರ ಜೊತೆಗೇ ಬರ್ತಿತ್ತು.

ಆಮೇಲೆ ಸುರುಳಿ ಸ್ಪ್ರಿಂಗ್ ಬಂತು. ಅದು ಮೆತ್ತಗೆ, ಉಜ್ಜಾಟವೂ ಇಲ್ಲ. ಉಜ್ಜಾಟ ಇಲ್ಲ ಅಂದ್ರೆ ಕುಣಿತ ನಿಲ್ಲೋದೂ ಇಲ್ಲ. ಅದಕ್ಕೇ ಎಣ್ಣೆ ತುಂಬಿದ ಶಾಕಪ್ ಬೇಕೇ ಬೇಕಾಯ್ತು. ಸ್ಪ್ರಿಂಗ್ ಭಾರ ಹೊರುತ್ತೆ, ಶಾಕಪ್ ಕುಣಿತ ನಿಲ್ಲಿಸುತ್ತೆ. ಎರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ. 6,800 ಹೋಗಿದ್ದು ಹಾಗೇ.

ಇನ್ನು ಕೀಲುಗಳು. ಕಬ್ಬಿಣಕ್ಕೆ ಕಬ್ಬಿಣ ತಿರುಗೋ ಕಡೆಯೆಲ್ಲ ಗ್ರೀಸ್ ಬೇಕು. ನಮ್ಮ ಅಂಬಾಸಿಡರ್ ನೆನಪು ಮಾಡ್ಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಕಾರೇ ಅದರ ಮೂಲ. ಹಿಂದೆ ಪ್ಲೇಟು, ಮುಂದೆ ತಿರುಚಿಕೊಳ್ಳೋ ಸರಳು, ಕೀಲುಗಳಿಗೆ ಗ್ರೀಸ್ ನಿಪ್ಪಲ್. ಗ್ರೀಸ್ ಹೊಡೆಯೋದು ಮರೆತರೆ ಗಾಡಿ ಬಾಯಿಬಿಟ್ಟು ಹೇಳ್ತಿತ್ತು.

ಈ ಗ್ರೀಸಿನ ಕಾಟ ತಪ್ಪಿಸಿದ್ದು ರಬ್ಬರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ, ಬಿಸಿಲಿಗೆ ಕರಗದ, ಚಳಿಗೆ ಒಡೆಯದ ರಬ್ಬರು ಮಾಡೋದು ಕಂಡುಕೊಂಡ. ಸುಮಾರು ನೂರು ವರ್ಷದ ಮೇಲೆ ಕಾರು ಮಾಡೋರು ಎರಡು ಲೋಹದ ಕೊಳವೆಗಳ ಮಧ್ಯೆ ಆ ರಬ್ಬರನ್ನ ಬಿಗಿದು ಕೀಲು ಮಾಡೋಕೆ ಶುರು ಮಾಡಿದರು. ಅದೇ ಬುಷ್. ನಮ್ಮ ಮೇಸ್ತ್ರಿ ಅದನ್ನ ‘ಸೈಲೆಂಟ್ ಬ್ಲಾಕ್’ ಅಂತಾರೆ. ಅದು ಅವರು ಕಟ್ಟಿದ ಹೆಸರಲ್ಲ, ಯುರೋಪಿನ ಹಳೇ ಬ್ರ್ಯಾಂಡ್ ಹೆಸರು ಗ್ಯಾರೇಜಿಂದ ಗ್ಯಾರೇಜಿಗೆ ಬಂದಿದೆ.

ಇಲ್ಲೊಂದು ವಿಷಯ ಗಮನಿಸಿ. ಹಿಂದಿನವರು ಎಲ್ಲೆಲ್ಲಿ ಸದ್ದು ಅಡಗಿಸಬೇಕು ಅಂದುಕೊಂಡರೋ, ಅಲ್ಲೆಲ್ಲ ರಬ್ಬರು ಇಟ್ಟರು. ರಬ್ಬರಿಗೆ ಆಯಸ್ಸು ಕಮ್ಮಿ. ಹಳೇ ಕಾರಲ್ಲಿ ಸದ್ದು ವಾಪಸ್ ಬರೋದೂ ಬಹಳ ಸಲ ಅದೇ ಜಾಗಗಳಿಂದ.

ಒಂದು ಕಾಲು, ಮೂರು ಕೆಲಸ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜನರಲ್ ಮೋಟರ್ಸ್ ‘ಶೆವ್ರೊಲೆ ಕೆಡೆಟ್’ ಅನ್ನೋ ಸಣ್ಣ ಕಾರು ಮಾಡೋಕೆ ಹೊರಟಿತ್ತು. ಸಾವಿರ ಡಾಲರ್ ಒಳಗೆ ಮಾರಬೇಕು ಅನ್ನೋದು ಗುರಿ. ಆ ಯೋಜನೆಯ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಖರ್ಚು ಇಳಿಸೋಕೆ ಅವರು ಸ್ಪ್ರಿಂಗ್, ಶಾಕಪ್, ಮೇಲಿನ ಕೀಲು ಮೂರನ್ನೂ ಸೇರಿಸಿ ಒಂದೇ ಕಾಲು ಮಾಡಿದರು. 1947ರಲ್ಲಿ ಕಂಪನಿ ಆ ಕಾರನ್ನೇ ಕೈಬಿಟ್ಟಿತು. ಮ್ಯಾಕ್‌ಫರ್ಸನ್ ಫೋರ್ಡ್‌ಗೆ ಹೋದರು. 1950ರ ಲಂಡನ್ ಮೋಟಾರ್ ಶೋನಲ್ಲಿ ಬಂದ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳ ಮುಂಚಕ್ರದಲ್ಲಿ ಆ ಕಾಲು ಇತ್ತು.

ಅದರಲ್ಲಿ ಇನ್ನೊಂದು ಉಳಿತಾಯ ಇತ್ತು. ಚಕ್ರದ ಕೆಳಭಾಗ ಹಿಡಿಯೋಕೆ ಒಂದು ಸಣ್ಣ ಅಡ್ಡ ತೋಳು. ಆ ತೋಳು ಹಿಂದೆ ಮುಂದೆ ಹೋಗದ ಹಾಗೆ ಹಿಡಿಯೋಕೆ ಬೇರೆ ಪಾರ್ಟ್ ಹಾಕಲಿಲ್ಲ. ತಿರುವಿನಲ್ಲಿ ಕಾರು ವಾಲದ ಹಾಗೆ ನೋಡ್ಕೊಳ್ಳೋ ಸ್ಟೆಬಿಲೈಜರ್ ರಾಡ್ ಇರುತ್ತಲ್ಲ, ಅದರ ತುದಿಗೇ ಈ ಕೆಲಸವನ್ನೂ ಕೊಟ್ಟರು.

ಈಗ 1983ಕ್ಕೆ ಬನ್ನಿ. ಡಿಸೆಂಬರ್ 14, ಮೊದಲ ಮಾರುತಿ 800ರ ಕೀಲಿಯನ್ನ ಇಂದಿರಾ ಗಾಂಧಿ ಹಸ್ತಾಂತರಿಸಿದ ದಿನ. 1986ರಲ್ಲಿ ಅದಕ್ಕೆ ನಾವೆಲ್ಲ ನೋಡಿರೋ ಹೊಸ ರೂಪ ಬಂತು. 796 ಸಿಸಿ ಎಂಜಿನ್, 12 ಇಂಚಿನ ಚಕ್ರ, ಮುಂದೆ ಮ್ಯಾಕ್‌ಫರ್ಸನ್ ಕಾಲು. ಅಡಿ ತೋಳನ್ನ ಹಿಡಿದಿರೋದು? ಅದೇ ಸ್ಟೆಬಿಲೈಜರ್ ರಾಡಿನ ತುದಿ. ಎರಡು ಕಡೆ ರಬ್ಬರ್ ಬುಷ್, ವಾಷರ್, ಒಂದು ನಟ್ಟು. ಅಮೆರಿಕದಲ್ಲಿ ಸಾವಿರ ಡಾಲರ್ ಒಳಗೆ ಕಾರು ಕೊಡೋಕೆ ಹುಟ್ಟಿದ ಕಾಲು ಹೀಗೆ ತಿಪಟೂರಿಗೆ ಬಂತು.

ಮೇಸ್ತ್ರಿಯ ಪ್ರಶ್ನೆ ಈಗ ಅರ್ಥ ಆಯ್ತಾ? ಗುಂಡಿಗೆ ಬಿದ್ದಾಗ ಚಕ್ರ ಮೇಲೆ ಕೆಳಗೆ ಹೋಗುತ್ತೆ, ಆಗ ಮೊದಲ ಅನುಮಾನ ಶಾಕಪ್, ಮೇಲಿನ ಮೌಂಟ್ ಮೇಲೆ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಎಳೆಯುತ್ತೆ, ಹೊರಡುವಾಗ ಮುಂದಕ್ಕೆ. ಆ ಎಳೆತ ತಡೆಯೋದು ಸ್ಟೆಬಿಲೈಜರ್ ಬುಷ್. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ: ಟಕ್.

ಜಾಕ್ ಹಾಕಿದಾಗ ಸಿಕ್ಕಿದ್ದು

ಬುಷ್ ಬಿಚ್ಚಿದಾಗ ರಬ್ಬರು ಒಂದು ಕಡೆ ಪೂರ್ತಿ ತಿಂದುಹೋಗಿತ್ತು. ನಾನು ಖುಷಿಯಾದೆ. ಮೇಸ್ತ್ರಿ ಖುಷಿಯಾಗಲಿಲ್ಲ. ಸ್ಟ್ಯಾಂಡ್ ಮೇಲೆ ನಿಂತಿದ್ದ ಗಾಡಿಯ ಎಡಗಡೆ ಚಕ್ರದ ಕೆಳಗೆ ಒಂದು ಹಾರೆ ಕೊಟ್ಟು ಮೀಟಿದರು. ಕಣ್ಣಿಗೆ ಕಾಣೋ ಹಾಗೆ ಚಕ್ರ ಅಲುಗಾಡ್ತು. ಬಾಲ್ ಜಾಯಿಂಟ್ ಸಡಿಲ. ಅಡಿ ತೋಳಿಗೂ ಚಕ್ರಕ್ಕೂ ಇರೋ ಗುಂಡುಕೀಲು ಅದು. ಓಡುವಾಗ ಕಳಚಿದರೆ ಚಕ್ರದ ಕೆಳಭಾಗ ಹೊರಕ್ಕೆ ಹೋಗುತ್ತೆ, ಸ್ಟೀರಿಂಗ್ ನಿಮ್ಮ ಮಾತು ಕೇಳಲ್ಲ.

“ಇದ್ರಲ್ಲಿ ಹೈವೇ ಮೇಲೆ ಬಂದ್ಯಾ? ಅಪ್ಪನ್ನೂ ಕೂರಿಸ್ಕೊಂಡು?”

ನಾನು ಉತ್ತರ ಕೊಡಲಿಲ್ಲ. ಆ ದಿನ ಅಪ್ಪ ಜೊತೆಗೇ ಬಂದಿದ್ದರು. ದಾರಿಯುದ್ದಕ್ಕೂ ಹಾಡು ಜೋರಾಗಿ ಹಾಕಿದ್ದೆ.

ನಿಮ್ಮ ಮನೇಲೂ ಹಳೇ ಕಾರಿದ್ದರೆ ಇಷ್ಟು ನೋಡ್ಕೊಳ್ಳಿ.

ಒಂದು, ಗಾಡಿ ನಿಂತಿದ್ದಾಗ ಒಂದು ಮೂಲೆ ಒತ್ತಿ ಬಿಡಿ. ಮೇಲೆ ಬಂದು ನಿಂತರೆ ಶಾಕಪ್ ಪರವಾಗಿಲ್ಲ. ಎರಡು ಮೂರು ಸಲ ಕುಣಿದರೆ ಹೋಗಿದೆ. ಒತ್ತುವಾಗ ಕಿರ್ ಅಂದರೆ ಒಣಗಿದ ರಬ್ಬರು.

ಎರಡು, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಣ್ ಅಂದರೆ ಶಾಕಪ್ ಮೇಲಿನ ಮೌಂಟ್ ಅಥವಾ ಅದರ ಬೇರಿಂಗ್ ನೋಡಿಸಿ. ಪೂರ್ತಿ ತಿರುಗಿಸಿ ಓಡಿಸುವಾಗ ಕಟಕಟ ಅಂದರೆ ಅದು ಸಸ್ಪೆನ್ಷನ್ ಅಲ್ಲ, ಆಕ್ಸಲ್ ಜಾಯಿಂಟ್.

ಮೂರು, ಚಕ್ರ ಎತ್ತಿ, ಗಡಿಯಾರದ 12 ಮತ್ತು 6 ಇರೋ ಜಾಗ ಹಿಡಿದು ಅಲುಗಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರಲ್ಲಿ ಆಟ ಇದ್ದರೆ ಟೈ ರಾಡ್ ತುದಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಾತ್ರ ಹೋಗಬೇಡಿ. ಸ್ಟ್ಯಾಂಡ್ ಬೇಕೇ ಬೇಕು. ಸುರುಳಿ ಸ್ಪ್ರಿಂಗ್ ಬಿಚ್ಚೋ ಕೆಲಸ ಮನೇಲಿ ಬೇಡ, ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೆ ಅಪಾಯ.

ಕೊನೇದು ಮೇಸ್ತ್ರಿ ಕಲಿಸಿದ್ದು. ಅಡಿ ತೋಳಿನ ಒಳಗಡೆ ಬೋಲ್ಟನ್ನ ಗಾಡಿ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಬಂದು, ಗಾಡಿಯ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಹೊಸ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಎರಡೂ ಕಡೆ ಬುಷ್, ಬಾಲ್ ಜಾಯಿಂಟ್ ಸಮೇತ ಎಡಗಡೆ ತೋಳು, ಕೂಲಿ, ಆಮೇಲೆ ವೀಲ್ ಅಲೈನ್‌ಮೆಂಟ್. ಎಲ್ಲ ಸೇರಿ 3,100 ರೂಪಾಯಿ. ಪುಸ್ತಕದ ಬೆಲೆಗಿಂತ ಕಮ್ಮಿ. ನನ್ನ ಬಿ.ಕಾಂ.ಗೂ ಸಮಾಧಾನ.

ಗಾಡಿ ಈಗ ತಿಪಟೂರಲ್ಲೇ ಇದೆ. ಮೊನ್ನೆ ಅಪ್ಪ ಫೋನ್ ಮಾಡಿ, “ಹಿಂದೆ ಎಲ್ಲೋ ಕಿರ್ ಅಂತೈತೆ ಕಣೋ” ಅಂದರು. ಈ ಸಲ ಕೇಳಿದ್ದು ನಾನು: “ಯಾವಾಗ ಬರುತ್ತಪ್ಪ ಸದ್ದು?”

(ಧ್ವನಿ: ಅದೇ ಕಾರು. ಬ್ರೇಕ್. ಮತ್ತೆ ಹೊರಡುತ್ತದೆ. ಎಂಜಿನ್ ಸದ್ದು ಮಾತ್ರ.)

ನಿಮ್ಮ ಮನೆ ಕಾರಿನ ಸದ್ದು ರೆಕಾರ್ಡ್ ಮಾಡಿ ಕಳಿಸಿ. ಯಾವಾಗ ಬರುತ್ತೆ ಅನ್ನೋದನ್ನೂ ಜೊತೆಗೆ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.