ದುಡ್ಡು ಕೊಟ್ಟು ಕೊಂಡ ಹಾಡಿನ ಬೀಗದ ಕೈ ಯಾರ ಹತ್ರ ಇತ್ತು?



ತಿಂಗಳಿಗಿಷ್ಟು ಅಂತ ಕಟ್ಟಿ ಮೊಬೈಲಲ್ಲಿ ಹಾಡು ಕೇಳುವ ಈಗಿನ ಹುಡುಗರಿಗೆ, ಒಂದು ಹಾಡನ್ನು ಪೂರ್ತಿಯಾಗಿ ಕೊಂಡುಕೊಳ್ಳೋದು ಅಂದ್ರೆ ಏನು ಅಂತ ವಿವರಿಸಬೇಕಾದ ಕಾಲ ಇದು. ಕೊಂಡ ಹಾಡು ಕೊಂಡವರದ್ದೇ ಆಗಬೇಕೋ ಬೇಡವೋ ಅಂತ 2003ರಿಂದ 2009ರವರೆಗೆ ದೊಡ್ಡ ಜಗಳವೇ ನಡೆದಿತ್ತು. ನಡೆದದ್ದು ಹೆಚ್ಚಾಗಿ ಅಮೆರಿಕದಲ್ಲಿ. ಆದರೆ ಅದರ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ಹೋಗಿದೆ. ಒಡೆತನ, ಹಕ್ಕು ಅಂತ ದಿನಾ ಮಾತಾಡೋ ನಾವು ಇದನ್ನು ತಿಳ್ಕೊಂಡಿರಬೇಕು ಅಂತ ಬರೀತಿದ್ದೀನಿ. ಸ್ವಲ್ಪ ಉದ್ದ ಆಗಿದೆ, ಸಹಿಸ್ಕೊಳ್ಳಿ.

2003ರ ಏಪ್ರಿಲ್ 28ರಂದು ಆಪಲ್ ಕಂಪನಿ ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ ತೆರೆಯಿತು. ಒಂದು ಹಾಡಿಗೆ 99 ಸೆಂಟ್. ಅದಕ್ಕೂ ಮುಂಚೆ ನ್ಯಾಪ್‌ಸ್ಟರ್ ಮೂಲಕ ಜನ ಪುಕ್ಕಟೆಯಾಗಿ ಹಾಡು ಹಂಚಿಕೊಂಡು ಸಂಗೀತ ಕಂಪನಿಗಳ ನಿದ್ದೆ ಕೆಡಿಸಿದ್ದರು. ಆ ಭಯದಲ್ಲಿದ್ದ ಕಂಪನಿಗಳು ಆಪಲ್‌ಗೆ ಹಾಕಿದ ಷರತ್ತು ಒಂದೇ: ಮಾರು, ಆದರೆ ಬೀಗ ಹಾಕಿ ಮಾರು. ಆ ಬೀಗಕ್ಕೆ ಡಿಆರ್‌ಎಂ ಅಂತಾರೆ, ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್. ಹೆಸರಲ್ಲಿ ರೈಟ್ಸ್ ಇದೆ. ಯಾರ ರೈಟ್ಸ್ ಅನ್ನೋದು ಮಾತ್ರ ಇಲ್ಲ.

ಬೀಗ ಕೆಲಸ ಮಾಡೋದು ಹೀಗೆ. ನೀವು ಕೊಂಡ ಹಾಡಿನ ಫೈಲನ್ನು ಗುಪ್ತಲಿಪಿಗೆ ತಿರುಗಿಸಿರುತ್ತಾರೆ. ಅದನ್ನು ತೆರೆಯುವ ಕೀಲಿ ಕಂಪನಿಯ ಸರ್ವರಿಂದ ಬರಬೇಕು. ನಿಮ್ಮ ಕಂಪ್ಯೂಟರ್ ಪ್ರತಿಯೊಂದೂ ಅಲ್ಲಿ ಹೆಸರು ನೋಂದಾಯಿಸಬೇಕು. ಜೇಬಲ್ಲಿಟ್ಟುಕೊಂಡು ಕೇಳಬೇಕಾದರೆ ಆಪಲ್‌ನ ಐಪಾಡ್ ಬೇಕು, ಬೇರೆ ಕಂಪನಿಯ ಪ್ಲೇಯರಿಗೆ ಹಾಕಿದರೆ ಓಡಲ್ಲ. ಮೊದಲು ಮೂರು ಕಂಪ್ಯೂಟರಿಗೆ ಅವಕಾಶ ಇತ್ತು, 2004ರಲ್ಲಿ ಐದು ಮಾಡಿದರು. ಅದೇ ಹೊತ್ತಿಗೆ ಒಂದೇ ಪ್ಲೇಲಿಸ್ಟನ್ನು ಸಿಡಿಗೆ ಹಾಕಿಕೊಳ್ಳುವ ಮಿತಿಯನ್ನು ಹತ್ತರಿಂದ ಏಳು ಸಲಕ್ಕೆ ಇಳಿಸಿದರು. ಒಂದು ಕೈಲಿ ಕೊಟ್ಟರು, ಇನ್ನೊಂದು ಕೈಲಿ ಕಿತ್ತುಕೊಂಡರು. ಮಾರಾಟ ಆದ ಮೇಲೂ ಷರತ್ತು ಬದಲಾಯಿಸುವ ಅಧಿಕಾರ ಮಾರಿದವನ ಹತ್ರವೇ ಉಳಿದಿತ್ತು ಅನ್ನೋದನ್ನ ಗಮನಿಸಿ. ಇಡೀ ದಿನ ಕಡತದ ಮುಂದೆ ಕೂರುವ ನನ್ನಂಥ ಗುಮಾಸ್ತನಿಗೆ ಇದು ಬೇಗ ಅರ್ಥ ಆಗುತ್ತೆ. ಪತ್ರದ ಮೇಲೆ ಕ್ರಯ ಅಂತ ಬರೆದು, ಒಳಗೆ ಗೇಣಿಯ ಷರತ್ತು ತುಂಬಿದ ಹಾಗೆ.

ಇದಕ್ಕಿಂತ ತಮಾಷೆ ಏನಂದ್ರೆ, ಅವೇ ಕಂಪನಿಗಳು ಅವೇ ಹಾಡುಗಳನ್ನ ಅಂಗಡಿಯಲ್ಲಿ ಸಿಡಿ ರೂಪದಲ್ಲಿ ಯಾವ ಬೀಗವೂ ಇಲ್ಲದೆ ಮಾರುತ್ತಿದ್ದವು. ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಎಂಪಿ3 ಮಾಡ್ಕೊಬಹುದಿತ್ತು. ಅಂದ್ರೆ ಬೀಗ ತಡೆದಿದ್ದು ಕದಿಯೋನನ್ನಲ್ಲ, ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದವನನ್ನ. ಸಿಡಿಗೂ ಬೀಗ ಜಡಿಯೋಣ ಅಂತ ಹೊರಟ ಸೋನಿ ಬಿಎಂಜಿ ಕಂಪನಿಯ ಕತೆ 2005ರಲ್ಲಿ ಬಯಲಾಯಿತು. ಐವತ್ತರಷ್ಟು ಆಲ್ಬಮ್‌ಗಳ ಸಿಡಿಗಳಲ್ಲಿ, ಕಂಪ್ಯೂಟರಿಗೆ ಹಾಕಿದ ಕೂಡಲೇ ಕದ್ದು ಒಳಗೆ ಸೇರಿ ಅಡಗಿ ಕೂರುವ ರೂಟ್‌ಕಿಟ್ ಅನ್ನೋ ತಂತ್ರಾಂಶ ಇತ್ತು. ಆ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಅನ್ನೋ ಪರಿಣಿತ ತನ್ನ ಕಂಪ್ಯೂಟರಲ್ಲೇ ಅದನ್ನ ಹಿಡಿದು ಜಗತ್ತಿಗೆ ತೋರಿಸಿದ. ಆಗ ಆ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರು ರೇಡಿಯೋದಲ್ಲಿ ಕೊಟ್ಟ ಉತ್ತರದ ತಾತ್ಪರ್ಯ ಏನು ಗೊತ್ತಾ? ಹೆಚ್ಚಿನ ಜನಕ್ಕೆ ರೂಟ್‌ಕಿಟ್ ಅಂದ್ರೇನು ಅಂತಲೇ ಗೊತ್ತಿಲ್ಲ, ಮತ್ತೆ ಅವರು ಯಾಕೆ ತಲೆ ಕೆಡಿಸ್ಕೋಬೇಕು ಅಂತ. ನಿಮಗೆ ತಿಳಿಯಲ್ಲ, ಆದ್ದರಿಂದ ನಿಮಗೆ ಕೇಳುವ ಹಕ್ಕಿಲ್ಲ. ಈ ದನಿಯ ಪರಿಚಯ ನಮಗೆ ಚೆನ್ನಾಗಿಯೇ ಇದೆ. ಕೊನೆಗೆ ಆ ಸಿಡಿಗಳನ್ನು ವಾಪಸ್ ಪಡೀಬೇಕಾಯ್ತು, ಕೋರ್ಟು ಕಚೇರಿ ಎಲ್ಲಾ ಆಯ್ತು.

ಜನ ಸುಮ್ಮನೆ ಕೂರಲಿಲ್ಲ. 2006ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 'ಡಿಫೆಕ್ಟಿವ್ ಬೈ ಡಿಸೈನ್' ಅನ್ನೋ ಚಳವಳಿ ಶುರು ಮಾಡಿತು. ವಿಷ ಸೋರಿಕೆಯಾದಾಗ ಹಾಕ್ಕೊಳ್ಳೋ ಹಳದಿ ನಿಲುವಂಗಿ ತೊಟ್ಟು ಆಪಲ್ ಅಂಗಡಿಗಳ ಮುಂದೆ ನಿಂತರು. ನಾರ್ವೆ ದೇಶದ ಗ್ರಾಹಕ ಒಂಬುಡ್ಸ್‌ಮನ್, ಈ ಬೀಗ ನಮ್ಮ ಕಾನೂನಿಗೆ ವಿರುದ್ಧ ಅಂತ ಆಪಲ್ ಬೆನ್ನು ಹತ್ತಿದರು.

2007ರ ಫೆಬ್ರವರಿ 6ರಂದು ಆಪಲ್‌ನ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದರು. 2006ರಲ್ಲಿ ಬೀಗ ಹಾಕಿ ಆನ್‌ಲೈನಲ್ಲಿ ಮಾರಿದ ಹಾಡು 200 ಕೋಟಿಗಿಂತ ಕಡಿಮೆ, ಬೀಗವಿಲ್ಲದೆ ಸಿಡಿಯಲ್ಲಿ ಮಾರಿದ್ದು 2,000 ಕೋಟಿಗಿಂತ ಹೆಚ್ಚು, ಹಾಗಿದ್ದ ಮೇಲೆ ಈ ಬೀಗದಿಂದ ಏನು ಉಪಯೋಗ ಅಂತ ಅದರಲ್ಲಿ ಕೇಳಿದ್ದರು. ಎಷ್ಟೋ ಜನ ಇವತ್ತಿಗೂ ಜಾಬ್ಸ್ ಪತ್ರದಿಂದಲೇ ಬೀಗ ಬಿತ್ತು ಅಂತ ಹೇಳ್ತಾರೆ. ನಾನು ಒಪ್ಪಲ್ಲ. ಮುಂದಿನ ಎರಡು ವರ್ಷದ ತಾರೀಖುಗಳನ್ನ ನೋಡಿ.

ಏಪ್ರಿಲ್ 2, 2007: ಇಎಂಐ ಕಂಪನಿ ಒಪ್ಪಿತು. ಮೇ ಕೊನೆಗೆ ಐಟ್ಯೂನ್ಸ್‌ನಲ್ಲಿ ಬೀಗವಿಲ್ಲದ ಹಾಡು ಬಂತು, ಬೆಲೆ 1 ಡಾಲರ್ 29 ಸೆಂಟ್. ಗುಣಮಟ್ಟವೂ ಜಾಸ್ತಿ ಇತ್ತು ನಿಜ, ಆದರೂ ಬೀಗ ತೆಗೆಯೋಕೆ 30 ಸೆಂಟ್ ಹೆಚ್ಚು! (ಫೈಲಿನೊಳಗೆ ಕೊಂಡವರ ಹೆಸರು, ಇಮೇಲ್ ಮಾತ್ರ ಹಾಗೇ ಬರೆದಿರುತ್ತಿತ್ತು.) ಆಗಸ್ಟಿನಲ್ಲಿ ಯೂನಿವರ್ಸಲ್ ಕೂಡ ಬೀಗವಿಲ್ಲದೆ ಮಾರಲು ಮುಂದಾಯಿತು. ಆದರೆ ಐಟ್ಯೂನ್ಸ್ ಬಿಟ್ಟು ಬೇರೆ ಅಂಗಡಿಗಳಿಗೆ! ಸೆಪ್ಟೆಂಬರ್ 25ಕ್ಕೆ ಅಮೆಜಾನ್ ತನ್ನ ಎಂಪಿ3 ಅಂಗಡಿ ತೆರೆಯಿತು, ಅಲ್ಲಿ ಯಾವ ಹಾಡಿಗೂ ಬೀಗವಿಲ್ಲ. ಡಿಸೆಂಬರಲ್ಲಿ ವಾರ್ನರ್, 2008ರ ಜನವರಿಯಲ್ಲಿ ಸೋನಿ ಬಿಎಂಜಿ, ಹೀಗೆ ನಾಲ್ಕೂ ದೊಡ್ಡ ಕಂಪನಿಗಳು ಅಮೆಜಾನ್‌ಗೆ ಬಂದವು. ಇಎಂಐ ಬಿಟ್ಟು ಉಳಿದ ಮೂರೂ ಆಪಲ್‌ಗೆ ಮಾತ್ರ ಬೀಗ ಹಾಕಿಯೇ ಕೊಡುತ್ತಿದ್ದವು.

ಯಾಕೆ? ತಾವೇ ಹಠ ಹಿಡಿದು ಹಾಕಿಸಿದ ಬೀಗದ ಕೈ ಆಪಲ್ ಸೊಂಟದಲ್ಲಿ ನೇತಾಡ್ತಿತ್ತು. ಐಪಾಡ್ ಇಟ್ಕೊಂಡವರು ಐಟ್ಯೂನ್ಸ್ ಬಿಟ್ಟು ಹೋಗೋ ಹಾಗಿಲ್ಲ, ಆದ್ದರಿಂದ ಹಾಡಿನ ಬೆಲೆ ನಿರ್ಧರಿಸೋದು ಆಪಲ್. ಕಂಪನಿಗಳಿಗೆ ಉಸಿರು ಕಟ್ಟಿತು. ಆಪಲ್‌ನ ಹಿಡಿತ ಮುರಿಯೋಕೆ ಅಂತ ಅಮೆಜಾನ್‌ಗೆ ಬೀಗವಿಲ್ಲದ ಹಾಡು ಕೊಟ್ಟರು. 2009ರ ಜನವರಿ 6ರಂದು ಆಪಲ್ ಅಂಗಡಿಯಲ್ಲೂ ಎಲ್ಲರೂ ಬೀಗ ತೆಗೆಯೋಕೆ ಒಪ್ಪಿದಾಗ, ಬದಲಿಗೆ ಅವರಿಗೆ ಸಿಕ್ಕಿದ್ದು ಒಂದೇ ಬೆಲೆಯ ಬದಲು 69, 99, 129 ಸೆಂಟ್‌ನ ಮೂರು ಬೆಲೆ. ಹಳೇ ಹಾಡಿನ ಬೀಗ ಬಿಚ್ಚಿಸಿಕೊಳ್ಳೋಕೆ ಗ್ರಾಹಕ ಹಾಡಿಗೆ 30 ಸೆಂಟ್ ಕಟ್ಟಬೇಕಿತ್ತು. ದಣಿಗಳಿಬ್ಬರ ಜಗಳದಲ್ಲಿ ನಮಗೆ ಸಂದಿ ಸಿಕ್ಕಿತು, ಅಷ್ಟೇ. ಹಾಗಂತ ಚಳವಳಿ ವ್ಯರ್ಥ ಅಂತ ನಾನು ಹೇಳಲ್ಲ. ಬೀಗ ಅನ್ನೋದು ಅವಮಾನ ಅಂತ ಜನರ ಬಾಯಲ್ಲಿ ಮೊದಲು ಬಂದಿದ್ದರಿಂದಲೇ, ಬೀಗವಿಲ್ಲ ಅನ್ನೋದು ಅಮೆಜಾನ್‌ಗೆ ಜಾಹೀರಾತು ಆಯ್ತು.

ಬೀಗದ ಹಾಡು ಕೊಂಡವರಿಗೆ ನಿಜವಾದ ಪೆಟ್ಟು ಬಿದ್ದದ್ದು 2008ರಲ್ಲಿ. ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯನ್ನ ಮುಚ್ಚಿಯಾಗಿತ್ತು. ಏಪ್ರಿಲಲ್ಲಿ ಹಳೇ ಗ್ರಾಹಕರಿಗೆ ಮೇಲ್ ಬಂತು: ಆಗಸ್ಟ್ 31ರ ನಂತರ ಕೀಲಿ ಕೊಡುವ ಸರ್ವರ್ ಇರಲ್ಲ. ಅಂದ್ರೆ ಆಮೇಲೆ ಕಂಪ್ಯೂಟರ್ ಬದಲಾಯಿಸಿದರೆ ನೀವು ದುಡ್ಡು ಕೊಟ್ಟ ಹಾಡು ಮೂಕ. ಗಲಾಟೆ ಆದ ಮೇಲೆ 2011ರ ಕೊನೆಯವರೆಗೆ ಮುಂದೂಡಿದರು. ಅದೇ ವರ್ಷ ಯಾಹೂ ಕೂಡ ಸೆಪ್ಟೆಂಬರ್ 30ಕ್ಕೆ ಕೀಲಿ ನಿಲ್ಲಿಸ್ತೀವಿ ಅಂದು, ಬೈಸಿಕೊಂಡು ಪರಿಹಾರ ಕೊಡೋಕೆ ಮುಂದಾಯ್ತು. ವಾಲ್‌ಮಾರ್ಟ್ ಅಕ್ಟೋಬರಲ್ಲಿ ಅದೇ ಮಾಡಹೊರಟು ಹಿಂದೆ ಸರಿಯಿತು. ಈ ಗ್ರಾಹಕರು ಯಾರೂ ಕದ್ದವರಲ್ಲ. ಕಾನೂನು ಪ್ರಕಾರ ದುಡ್ಡು ಕಟ್ಟಿ, ರಸೀದಿ ಇಟ್ಕೊಂಡವರು.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿಯ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಅನ್ನೋ ಹಾಡಿನ ಅಂಗಡಿ ತೆರೆಯಿತು. ಎಂಪಿ3, ಬೀಗವಿಲ್ಲ, ಹಾಡಿಗೆ 6 ರೂಪಾಯಿಯಿಂದ ಶುರು. ಆಪಲ್ ಅಂಗಡಿ ಭಾರತಕ್ಕೆ ಬಂದದ್ದು ಆ ವರ್ಷದ ಡಿಸೆಂಬರಲ್ಲಿ, ಅಂದ್ರೆ ನಮ್ಮವರೇ ಮೊದಲು. ಆದರೆ ಒಂದೂವರೆ ವರ್ಷವೂ ನಡೀಲಿಲ್ಲ. ಪೈರಸಿ, ಮತ್ತೆ ಐದು ಹತ್ತು ರೂಪಾಯಿ ಸಲೀಸಾಗಿ ಪಾವತಿ ಮಾಡೋಕೆ ದಾರಿ ಇಲ್ಲದ್ದು, ಇವೆರಡು ಸರಿಯಾಗದ ಹೊರತು ವ್ಯಾಪಾರ ಬೆಳೆಯಲ್ಲ ಅಂತ ಹೇಳಿ 2013ರ ಜೂನ್ 17ಕ್ಕೆ ಮಾರಾಟ ನಿಲ್ಲಿಸಿದರು. ಯುಪಿಐ ಬರೋಕೆ ಇನ್ನೂ ಮೂರು ವರ್ಷ ಇತ್ತು ಅನ್ನೋದು ನೆನಪಿರಲಿ. ಕೊಂಡ ಹಾಡು ಇಳಿಸಿಕೊಳ್ಳೋಕೆ ಆಗಸ್ಟ್ 18ರವರೆಗೆ ಸಮಯ ಕೊಟ್ಟರು. ಎಂಎಸ್‌ಎನ್ ಮ್ಯೂಸಿಕ್ ಜೊತೆ ಹೋಲಿಸಿ ನೋಡಿ: ಫ್ಲೈಟ್ ಸತ್ತಿತು, ಆದರೆ ಅಲ್ಲಿ ಕೊಂಡು ಇಳಿಸಿಕೊಂಡ ಹಾಡು ಇವತ್ತಿಗೂ ಯಾವ ಮೊಬೈಲಲ್ಲಿ, ಯಾವ ಪೆನ್‌ಡ್ರೈವಲ್ಲಿ ಹಾಕಿದರೂ ಓಡುತ್ತೆ, ಯಾರ ಅಪ್ಪಣೆಯೂ ಬೇಡ.

ಕಾನೂನಿನ ಮಾತು ಕೇಳೋರಿಗೆ ಒಂದು ವಿಷಯ. 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. 'ಉದ್ದೇಶದಿಂದ' ಅನ್ನೋ ಪದದ ಮೇಲೆ ಕಣ್ಣಿಡಿ. ಅಮೆರಿಕದ 1998ರ ಕಾಯ್ದೆಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಬೀಗ ಒಡೆಯೋದೇ ತಪ್ಪು. ನಮ್ಮದು ಅಷ್ಟು ಕ್ರೂರ ಅಲ್ಲ.

ಪುಕ್ಕಟೆ ಹಂಚಿ ಅಂತ ನಾನು ಹೇಳ್ತಿಲ್ಲ. ನಮ್ಮ ಕೇರಿಗೆ ಹೋರಾಟದ ಹಾಡು ಬಂದದ್ದು ಒಂದು ಕ್ಯಾಸೆಟ್ಟಿಂದ ಇನ್ನೊಂದಕ್ಕೆ ಇಳಿಸಿಕೊಂಡೇ, ಸುಳ್ಳಲ್ಲ. ಆದರೆ ತಮಟೆ ಹಿಡಿದು ಹಾಡುವವರ ಮನೆಯಲ್ಲೂ ಒಲೆ ಉರೀಬೇಕಲ್ಲ. ಬೀಗವಿಲ್ಲದ ಮಾರಾಟದಲ್ಲಿ ಹಾಡಿದವರಿಗೆ ದುಡ್ಡು, ಕೊಂಡವರಿಗೆ ಹಾಡು, ಎರಡೂ ಪೂರ್ತಿ ಸಿಗುತ್ತೆ. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಹಾಗೇ ನಡೆದಿದೆ. ಕಲಾವಿದರೇ ಬೆಲೆ ಇಡ್ತಾರೆ, ಇಷ್ಟಪಟ್ಟವರು ಅದಕ್ಕಿಂತ ಜಾಸ್ತಿಯೂ ಕೊಡಬಹುದು, ಡಿಜಿಟಲ್ ಮಾರಾಟದಲ್ಲಿ ಅಂಗಡಿಯ ಕಮಿಷನ್ ನೂರಕ್ಕೆ 15, ಹೆಚ್ಚು ಮಾರಿದವರಿಗೆ 10. ಅದೂ ಪುಣ್ಯಕ್ಷೇತ್ರ ಏನಲ್ಲ. 2022ರಲ್ಲಿ ಎಪಿಕ್ ಗೇಮ್ಸ್ ಅದನ್ನ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಕೈಗೆ ಹೋಯಿತು, ಸುಮಾರು ಅರ್ಧದಷ್ಟು ನೌಕರರ ಕೆಲಸ ಹೋಯಿತು. ಕೆಲಸ ಕಳ್ಕೊಂಡವರಲ್ಲಿ ಅಲ್ಲಿ ಯೂನಿಯನ್ ಕಟ್ಟಿದವರೂ ಇದ್ದರು, ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ಮಾಲೀಕರು ಎರಡು ಸಲ ಬದಲಾದರೂ, ಅಲ್ಲಿ ಕೊಂಡು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡವರ ಹಾಡು ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.