ಶಾನುಭೋಗರ ಪೆಟ್ಟಿಗೆಯಿಂದ ಮನೆಯ ಕಂಪ್ಯೂಟರಿನವರೆಗೆ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ದಾಖಲೆಯ ಕಾವಲು

ಮನೆಯಲ್ಲಿರುವ ದಾಖಲೆಯನ್ನು ದೂರದಲ್ಲಿರುವ ಹಕ್ಕುದಾರರು ಓದುವಂತಾಗಬೇಕು, ಆದರೆ ಸಂಬಂಧವಿಲ್ಲದವರ ಕೈಗೆ ಅದು ಸಿಗಬಾರದು, ಸಿಕ್ಕರೂ ತಿದ್ದಲು ಬರಬಾರದು ಎಂಬ ಇಕ್ಕಟ್ಟು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ. 1997ರ ಆಗಸ್ಟ್ 15ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ, ಹಳೆಯ ಮೈಸೂರಿನ ಉಳಿದ ಭಾಗಗಳಲ್ಲಿದ್ದಂತೆಯೇ, ಊರಿನ ಲೆಕ್ಕಪತ್ರಗಳು ತಲೆಮಾರುಗಳ ಕಾಲ ಯಾವ ಸರ್ಕಾರಿ ಕಟ್ಟಡದಲ್ಲೂ ಇರದೆ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲೇ ಇದ್ದವು. ಆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇತ್ತು, ಅದನ್ನು ತೆರೆದದ್ದು ಯಾರಿಗೆ ತಿಳಿಯುತ್ತಿತ್ತು ಎಂಬ ಪ್ರಶ್ನೆಗಳನ್ನು ಹಿಡಿದು ಹೋದರೆ ಈ ಸೀಮೆಯ ದಾಖಲೆಗಳ ಇತಿಹಾಸ ಒಂದು ತೆರನಾಗಿ ಬಿಚ್ಚಿಕೊಳ್ಳುತ್ತದೆ.

ಕಲ್ಲಿನ ಶಾಸನಕ್ಕೆ ಕಾವಲು ಬೇಕಿರಲಿಲ್ಲ. ದೇವಾಲಯದ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಎಲ್ಲರ ಕಣ್ಣೆದುರು ನಿಂತಿದ್ದರಿಂದಲೇ ಅದು ಸುರಕ್ಷಿತವಾಗಿತ್ತು, ಏಕೆಂದರೆ ಒಂದಕ್ಷರ ಕೆತ್ತಿ ತೆಗೆದರೂ ಊರಿಗೇ ಗೊತ್ತಾಗುತ್ತಿತ್ತು. ತಾಮ್ರಪಟದ ರೀತಿ ಬೇರೆ. ದಾನ ಪಡೆದವರ ಮನೆಯಲ್ಲಿ ಉಳಿಯುತ್ತಿದ್ದ ಆ ಹಲಗೆಗಳನ್ನು ತೂತು ಕೊರೆದು ಬಳೆಯೊಂದಕ್ಕೆ ಪೋಣಿಸಿ, ಬಳೆಯ ಕೂಡುಸಂದಿಗೆ ಅರಸನ ಮುದ್ರೆ ಒತ್ತಲಾಗುತ್ತಿತ್ತು. ಗಂಗರ ಮುದ್ರೆಯಲ್ಲಿ ಆನೆ ಇರುತ್ತಿತ್ತು. ಹಲಗೆಯನ್ನು ಬದಲಿಸಬೇಕಾದರೆ ಬಳೆಯನ್ನು ಕತ್ತರಿಸಬೇಕು, ಕತ್ತರಿಸಿದರೆ ಅದು ಕಾಣುತ್ತದೆ ಎಂಬುದೇ ಅದರ ಭದ್ರತೆ. ತೆರಕಣಾಂಬಿ, ಉಮ್ಮತ್ತೂರು ಮೊದಲಾದ ಊರುಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟವನ್ನು ಬಿ. ಎಲ್. ರೈಸ್ 1898ರಲ್ಲಿ ಹೊರತಂದಾಗ, ಅವರು ಅನುಸರಿಸಿದ ಕ್ರಮದಲ್ಲಿ ತಾಮ್ರಪಟ ಯಾರ ವಶದಲ್ಲಿದೆ ಎಂಬುದೂ ಪಾಠದ ಜೊತೆಗೇ ದಾಖಲಾಗುತ್ತಿತ್ತು. ಮೂಲ ಮನೆಯಲ್ಲೇ ಉಳಿದು ಅದರ ಪ್ರತಿ ಲೋಕಕ್ಕೆ ತಲುಪಿದ ಬಗೆಗೆ ಇದು ಒಳ್ಳೆಯ ಉದಾಹರಣೆ.

ದಿನನಿತ್ಯದ ಲೆಕ್ಕಕ್ಕೆ ಬಳಕೆಯಲ್ಲಿದ್ದುದು ಕಡತ. ಇಂದು ಕಚೇರಿಗಳಲ್ಲಿ ಆ ಹೆಸರಿನಿಂದ ಕರೆಯುವ ಕಾಗದದ ಕಟ್ಟು ಅದಲ್ಲ. ಹತ್ತಿಬಟ್ಟೆಯ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಿಸಿದ ಕಪ್ಪು ಪುಸ್ತಕ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ಸಾಕಷ್ಟು ವಿವರವಾಗಿ ವರ್ಣಿಸಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ, ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ, ಬರೆಯಲು ಬಳಪದ ಕಡ್ಡಿ. ಸ್ಲೇಟಿನ ಮೇಲಿನಂತೆ ಇದರ ಮೇಲಿನ ಬರಹವನ್ನೂ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒಂದು ಸಾಲನ್ನು ಬೆರಳಿನಿಂದ ಒರೆಸಿ, ಬಟ್ಟೆಗೆ ಮತ್ತೆ ಕಪ್ಪು ಹಚ್ಚಿ, ಬೇರೆ ಹೆಸರು ಬರೆದರೆ ಹಿಂದೆ ಅಲ್ಲಿ ಏನಿತ್ತೆಂದು ಹೇಳಲು ಯಾವ ಗುರುತೂ ಉಳಿಯುವುದಿಲ್ಲ. ಕಂದಾಯದ ಲೆಕ್ಕಕ್ಕೆ ಇಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ. ಹಕ್ಕಿನ ದಾಖಲೆಯಾಗಿ ಇಷ್ಟು ಅಪಾಯಕರವಾದುದೂ ಇನ್ನೊಂದಿಲ್ಲ. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದು, ತಂದೆಯ ಅಕ್ಷರವನ್ನು ಮಗ ಓದಬಲ್ಲವನಾಗಿದ್ದುದರಿಂದ ವ್ಯವಸ್ಥೆ ನಡೆಯಿತು. ಅದೇ ಕಾರಣಕ್ಕೆ, ಓದಲು ಬಾರದ ಒಕ್ಕಲು ಅವರ ಜಗುಲಿಯ ಮೇಲೆ ಕುಳಿತು ಕಾಯುವುದೂ ತಪ್ಪಲಿಲ್ಲ.

ದಾಖಲೆ ಇದ್ದಲ್ಲೇ ಇದ್ದರೆ ಒಂದು ಭಯ, ಹೊರಟರೆ ಇನ್ನೊಂದು. ಮೈಸೂರಿನ ಅಂಚೆ ವ್ಯವಸ್ಥೆಯನ್ನು ಸ್ಥಾಪಿಸಿದವನೆಂದು ಹೆಸರಾದ ಚಿಕ್ಕದೇವರಾಜ ಒಡೆಯ (ಆಳ್ವಿಕೆ 1673–1704) ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿದ್ದವನು. ಹಿಂದೆ ವಿಜಯಪುರವೆನಿಸಿದ್ದ ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವ ದೇವಾಲಯ ಕಟ್ಟಿಸಿದವನೂ ಅವನೇ. ಅವನ ಅಂಚೆ ಓಲೆಗಳನ್ನು ಸಾಗಿಸುವುದಷ್ಟೇ ಅಲ್ಲದೆ, ಊರೂರಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಬೇಹಿನ ಕೆಲಸವನ್ನೂ ಮಾಡುತ್ತಿತ್ತೆಂದು ವಿಲ್ಕ್ಸ್ ಬರೆದಿದ್ದಾನೆ. ಓಲೆ ಒಯ್ಯುವವನನ್ನೇ ನಂಬುವಂತಿಲ್ಲದಿರುವಾಗ ಓಲೆಯನ್ನು ಕಳುಹಿಸುವುದು ಹೇಗೆ ಎಂಬ ಸಮಸ್ಯೆ 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾದ ಮೇಲೂ ತೀರಲಿಲ್ಲ.

ಮನೆಯ ದಾಖಲೆ ಹೊರಗಿನವರಿಗೆ ತೆರೆದುಕೊಂಡ ಒಂದು ಸಂದರ್ಭವನ್ನು ಇಲ್ಲಿ ಬೇರೆಯಾಗಿ ನೋಡಬೇಕು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆಗೆ ನೇಮಕವಾದ ಕಾಲಿನ್ ಮೆಕೆಂಜಿ ಭೂಮಿಯನ್ನು ಅಳೆಯುವುದರ ಜೊತೆಗೆ ಕೈಫಿಯತ್ತುಗಳನ್ನೂ, ಅಂದರೆ ಸ್ಥಳೀಯರಿಂದ ಬರೆಸಿದ ಊರಿನ ವೃತ್ತಾಂತಗಳನ್ನೂ, ಓಲೆಗರಿ, ಕಡತಗಳ ಪ್ರತಿಗಳನ್ನೂ ಸಂಗ್ರಹಿಸಿದನು. 1804ರಲ್ಲಿ ಅವನ ತಂಡ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಗೆ ಬಂದಾಗ ಅವರಿಗೆ ದೊರೆತವನು ಅಲ್ಲಿನ ಜೈನ ವಿದ್ವಾಂಸ ದೇವಚಂದ್ರ. ಕರಣಿಕ ಮನೆತನದ, ಎಂದರೆ ಲೆಕ್ಕ ಬರೆಯುವ ವೃತ್ತಿಯವರ ವಂಶದ ದೇವಚಂದ್ರ ತನ್ನ ತಿಳಿವನ್ನು ಮೆಕೆಂಜಿಯ ಸಂಗ್ರಹಕ್ಕೆ ಕೊಟ್ಟನು. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯ ಆಶ್ರಯದಲ್ಲಿ ರಾಜಾವಳಿಕಥೆಯನ್ನು ರಚಿಸಿದನು. ಮೆಕೆಂಜಿಯ ಸಂಗ್ರಹದ ಬಹುಭಾಗ ಮದರಾಸಿಗೆ ಸೇರಿತು. ಕನಕಗಿರಿಯ ವಿದ್ವಾಂಸನೊಬ್ಬ ಹಂಚಿಕೊಂಡದ್ದನ್ನು ನೋಡಲು ಅವನ ಊರಿನವರೇ ಚೆನ್ನೈಗೆ ಹೋಗಬೇಕಾದದ್ದು ಹಂಚಿಕೆಯ ಮತ್ತೊಂದು ಮುಖ. ಆದರೂ ಆ ಪ್ರತಿಗಳು ಆಗದೆ ಹೋಗಿದ್ದರೆ ನಷ್ಟ ಹೆಚ್ಚಿರುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ.

1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಆರಂಭವಾದ ಮೇಲೆ ಕಡತದ ಜಾಗಕ್ಕೆ ಕಾಗದ ಬಂತು. ಸರ್ವೆ ನಂಬರು, ಅಳತೆಯ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯವನ್ನು ಸೂಚಿಸುವ ಆಕಾರಬಂದು ಇವೆಲ್ಲ ಹಳ್ಳಿಯ ಮಾತಿನಲ್ಲಿ ಬೆರೆತವು. ಆದರೆ ಪೆಟ್ಟಿಗೆ ಇದ್ದ ಮನೆ ಬದಲಾಗಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಆಮೇಲೂ ಪಹಣಿ, ಎಂದರೆ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರವಿರುವ ಪತ್ರ, ಒಬ್ಬರ ವಶದಲ್ಲೇ ಇದ್ದು, ಅವರ ಕೈಬರಹದಲ್ಲೇ ಸಿಗುತ್ತಿತ್ತು. ವಂಶ ಹೋಯಿತು, ಏಕಸ್ವಾಮ್ಯ ಉಳಿಯಿತು.

ಈ ಏಕಸ್ವಾಮ್ಯವನ್ನು ಮುರಿದದ್ದು ಭೂಮಿ ಯೋಜನೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು; ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುವಂತಾಯಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇಲ್ಲಿ ಹೆಚ್ಚು ಮಹತ್ವದ್ದು ವೇಗವಲ್ಲ. ದಾಖಲೆಯನ್ನು ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕು, ಯಾರು ಯಾವಾಗ ಏನು ಬದಲಿಸಿದರೆಂಬುದು ತಾನಾಗಿ ದಾಖಲಾಗಬೇಕು ಎಂಬ ಏರ್ಪಾಡು ಕಡತದ ಮೂಲದೋಷಕ್ಕೆ ಸಿಕ್ಕ ಮೊದಲ ನೇರ ಉತ್ತರ. ತಪ್ಪು ಅಕ್ಷರಗಳೂ ತಪ್ಪು ಹೆಸರುಗಳೂ ಕಂಪ್ಯೂಟರಿಗೆ ಸೇರಿ ರೈತರನ್ನು ಅಲೆಸಿದ್ದು ನಿಜವೇ ಆದರೂ ಆ ತಪ್ಪುಗಳು ಕಣ್ಣಿಗೆ ಕಾಣುವಂಥವು.

ಮನೆಯ ಕಂಪ್ಯೂಟರಿನ ಸಂಗತಿಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ. ಕ್ರಯಪತ್ರ, ವಿಭಾಗಪತ್ರ, ಹಳೆಯ ರಸೀದಿಗಳನ್ನು ಸ್ಕ್ಯಾನ್ ಮಾಡಿ ಗುಂಡ್ಲುಪೇಟೆಯ ಮನೆಯ ಕಂಪ್ಯೂಟರಿನಲ್ಲಿಟ್ಟರೆ, ಬೆಂಗಳೂರಿನಲ್ಲಿರುವ ಮಗಳು ಅವನ್ನು ಅಲ್ಲಿಂದಲೇ ತೆರೆಯಬಹುದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿಷೇಧವಿದೆಯಾದರೂ ಕಾಡಿನಾಚೆಯ ವಯನಾಡಿನಲ್ಲಿರುವ ಪಾಲುದಾರರಿಗೆ ಕಾಗದ ತಲುಪಿಸಲು ಬೆಳಗಾಗುವುದನ್ನು ಕಾಯಬೇಕಿಲ್ಲ. ಅಂಚೆಯವನ ಕಣ್ಣು ತಪ್ಪಿಸುವ ಹಳೆಯ ಸಮಸ್ಯೆಗೆ ದಾರಿ ತೋರಿಸಿದವರು 1976ರಲ್ಲಿ ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್. ಎಲ್ಲರಿಗೂ ಕೊಡಬಹುದಾದ ಒಂದು ಕೀಲಿ, ತನ್ನಲ್ಲೇ ಇಟ್ಟುಕೊಳ್ಳುವ ಇನ್ನೊಂದು ಕೀಲಿ ಎಂಬ ಅವರ ಕಲ್ಪನೆಯಿಂದ, ದಾರಿಯಲ್ಲಿ ಯಾರೇ ಹಿಡಿದರೂ ಓದಲಾಗದಂತೆ ಬರಹವನ್ನು ಕಳುಹಿಸುವುದು ಸಾಧ್ಯವಾಯಿತು. ಫಿನ್ಲೆಂಡಿನಲ್ಲಿ ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ ಟಾಟು ಯ್ಲೋನೆನ್ 1995ರಲ್ಲಿ ರೂಪಿಸಿದ ಎಸ್‌ಎಸ್‌ಎಚ್ ಎಂಬ ವಿಧಾನ ದೂರದ ಕಂಪ್ಯೂಟರನ್ನು ಹೀಗೆ ಭದ್ರವಾಗಿ ತೆರೆಯುವುದಕ್ಕೇ ಹುಟ್ಟಿದ್ದು. ಇಂಟರ್‌ನೆಟ್ಟಿನೊಳಗೇ ಖಾಸಗಿ ಹಾದಿಯೊಂದನ್ನು ಕಟ್ಟುವ ವಿಪಿಎನ್ ಕೂಡ ಅದೇ ಬಗೆಯದು. ಆದರೆ ಹಾದಿ ಎಷ್ಟೇ ಭದ್ರವಾಗಿರಲಿ, ಮನೆಮಂದಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟು, ಒಂದು ಫೋಲ್ಡರ್ ಸಾಕಾದಲ್ಲಿ ಇಡೀ ಕಂಪ್ಯೂಟರನ್ನು ತೆರೆದುಕೊಟ್ಟು, ಯಾರು ಬಂದು ಹೋದರೆಂಬ ಲೆಕ್ಕವನ್ನು ನೋಡದೆ ಬಿಟ್ಟರೆ ಆ ಕಂಪ್ಯೂಟರು ಒರೆಸಿ ಬರೆಯಬಹುದಾದ ಕಡತವೇ ಸರಿ.

ಈ ಎರಡು ತಾಲ್ಲೂಕುಗಳ ಹಳೆಯ ಶಾನುಭೋಗ, ಕರಣಿಕ ಮನೆತನಗಳಲ್ಲಿ ಕಡತವೋ ಓಲೆಗರಿಯೋ ತಾಮ್ರಪಟವೋ ಇನ್ನೂ ಉಳಿದಿದ್ದರೆ, ಗೆದ್ದಲಿಗೂ ಗುಜರಿಗೂ ಸಿಗುವ ಮೊದಲು ಅವುಗಳ ಚಿತ್ರ ತೆಗೆಸಿ, ಒಂದು ಪ್ರತಿಯನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಕೊಡುವುದು ಆ ಮನೆಯವರು ಮಾಡಬೇಕಾದ ಕೆಲಸ. ಮೂಲವನ್ನು ಕೈಬಿಡಬೇಕಾದ ಅಗತ್ಯವಿಲ್ಲ.